ಏಳನೇ ನಂಬರಿನ ಮನೆ

ಅವ್ವ ನಿವೃತ್ತಿಯಾಗಲು ಎಂಟು ತಿಂಗಳಿದ್ದಾಗ ಪುರಸಭೆಯಿಂದ ನಮ್ಮ ಸಾಲಿಗೆ ಒಂದು ಕಾಗದ ಬಂತು. ಪೌರಕಾರ್ಮಿಕರ ಹದಿನಾರು ಮನೆಗಳನ್ನು ಬಾಡಿಗೆಗೆ ಇರುವವರೇ ಕೊಂಡುಕೊಳ್ಳಲು ಬಿಡಬೇಕೋ ಬೇಡವೋ ಎಂಬ ವಿಚಾರ ನಡೆದಿದೆ, ನಿಮ್ಮ ಅಭಿಪ್ರಾಯ ತಿಳಿಸಿ ಎಂದು ಅದರಲ್ಲಿತ್ತು. ಅವ್ವನಿಗೆ ಓದಲು ಬರುವುದಿಲ್ಲ. ಕಾಗದವನ್ನು ಸೆರಗಿಗೆ ಗಂಟು ಹಾಕಿಕೊಂಡು, ನಾನು ಹಂಪಸಾಗರದ ಶಾಲೆಯಲ್ಲಿ ಪಾಠ ಮುಗಿಸಿ ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸಿಳಿಯುವ ತನಕ ನಿಲ್ದಾಣದ ಕಟ್ಟೆಯ ಮೇಲೆ ಕೂತಿದ್ದಳು. ನನ್ನ ಕೈಗೆ ಕೊಡುತ್ತಲೇ ಒಂದೇ ಮಾತು ಕೇಳಿದಳು.

"ಮನಿ ಬಿಡಸಾಕ ಬರ್ದಾರೇನು?"

ಈ ಪ್ರಶ್ನೆಯನ್ನು ನಾನು ಬುದ್ಧಿ ಬಂದಾಗಿನಿಂದ ಕೇಳಿದ್ದೇನೆ. ಕೈಯಲ್ಲಿ ಫೈಲು ಹಿಡಿದು ಯಾರೇ ಸಾಲಿಗೆ ಬರಲಿ, ಸೊಳ್ಳೆಯ ಪುಡಿ ಹೊಡೆಯುವವರೇ ಬರಲಿ, ಅವ್ವನಿಗೆ ಅದೇ ಅನುಮಾನ. ಮನೆ ಕೊಟ್ಟಿರುವುದು ಕೆಲಸದಲ್ಲಿ ಇರುವ ತನಕ ಮಾತ್ರ. ನಿವೃತ್ತಿಯಾದ ಮೇಲೆ ಮಗನೋ ಮಗಳೋ ಪುರಸಭೆಯಲ್ಲೇ ಕೆಲಸಕ್ಕಿದ್ದರೆ ಸರಿ, ಇಲ್ಲವಾದರೆ ಬೀಗದ ಕೈ ವಾಪಸ್ ಕೊಡಬೇಕು. ಅವ್ವನಿಗೆ ನಾನೊಬ್ಬಳೇ ಮಗಳು. ನಾನು ಓದಿ ಟೀಚರಾದದ್ದಕ್ಕೆ ಇಡೀ ಸಾಲು ಹೆಮ್ಮೆ ಪಟ್ಟಿತು. ಆ ಹೆಮ್ಮೆಯೇ ಅವ್ವನ ಮನೆಗೆ ಕುತ್ತಾಗುತ್ತದೆಂದು ಆಗ ಯಾರಿಗೂ ಹೊಳೆಯಲಿಲ್ಲ. ನನ್ನ ಜೊತೆ ಬಂದಿರು ಅಂದರೆ, ಅಳಿಯನ ಮನೆಯಲ್ಲಿ ಕಾಲು ಚಾಚಿ ಮಲಗಲು ಆಗುವುದಿಲ್ಲ ಎನ್ನುತ್ತಾಳೆ. ನನ್ನ ಗಂಡ ಪಾಪ, ಅವಳ ಮುಂದೆ ಕಾಲು ಮಡಚಿಯೇ ಕೂರುವವನು.

ಅವ್ವನದೊಂದು ಕಬ್ಬಿಣದ ಟ್ರಂಕು ಇದೆ. ಅವಳ ಒಳ್ಳೆಯ ಸೀರೆ, ಅಪ್ಪನ ಫೋಟೋ, ನನ್ನ ಹತ್ತನೇ ತರಗತಿಯ ಅಂಕಪಟ್ಟಿ ಎಲ್ಲ ಅದರಲ್ಲೇ. ಗೋಡೆಯಲ್ಲಿ ಎರಡೆರಡು ಗೂಡಿದ್ದರೂ ಅವಳು ಅವುಗಳಲ್ಲಿ ಏನನ್ನೂ ಇಟ್ಟವಳಲ್ಲ. ಸೀರೆ ಉಟ್ಟು ಬಿಚ್ಚಿದರೆ ತೊಳೆದು ಮಡಚಿ ಮತ್ತೆ ಟ್ರಂಕಿಗೆ. "ನಾಳೆ ಹೋಗು ಅಂದ್ರ ಹುಡುಕಿಕೆಂತ ಕೂಡಬಾರ್ದು" ಎನ್ನುತ್ತಿದ್ದಳು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಬ್ಬ ಹೆಂಗಸು ಹೀಗೆ ಗಂಟು ಕಟ್ಟಿಕೊಂಡೇ ಬದುಕಿದ್ದು ನನಗೆ ಸಿಟ್ಟು ತರಿಸುತ್ತಿತ್ತು. ಅದಕ್ಕೇ ಆ ಕಾಗದ ಓದಿದಾಗ ನಿಲ್ದಾಣದಲ್ಲೇ ಅವಳನ್ನು ತಬ್ಬಿಕೊಂಡೆ. ಬಿಡಿಸಲಿಕ್ಕಲ್ಲ, ಕೊಡಲಿಕ್ಕೆ ಬರೆದಿದ್ದಾರೆ ಎಂದೆ. ಅವ್ವ ನಂಬಲಿಲ್ಲ. ಇನ್ನೊಂದು ಸಲ ಓದು ಅಂದಳು.

ಈಗ ನಮ್ಮ ಸಾಲಿನ ಒಂದು ಪದ್ಧತಿಯನ್ನು ಹೇಳಬೇಕು. ಅದು ತಿಳಿಯದಿದ್ದರೆ ಮುಂದಿನ ಫಜೀತಿ ಅರ್ಥವಾಗುವುದಿಲ್ಲ.

ಎದುರುಬದುರು ಎಂಟೆಂಟು ಮನೆ, ನಡುವೆ ಒಂದು ಓಣಿ, ಓಣಿಯ ತುದಿಗೆ ನೀರಿನ ಟ್ಯಾಂಕು, ಟ್ಯಾಂಕಿನ ಪಕ್ಕ ಬೇವಿನ ಮರ. ಎಲ್ಲ ಮನೆಗೂ ಒಂದು ಪಡಸಾಲೆ, ಒಂದು ಅಡುಗೆಮನೆ. ಏಳನೇ ನಂಬರಿಗೆ ಮಾತ್ರ ಹಿಂದೆ ಇನ್ನೊಂದು ಕೋಣೆ. ಮೊದಲು ಅದು ಪೊರಕೆ, ಬುಟ್ಟಿ, ಬ್ಲೀಚಿಂಗ್ ಪೌಡರ್ ಇಡುವ ಕೋಣೆಯಾಗಿತ್ತಂತೆ. ಆಮೇಲೆ ಸಾಮಾನೆಲ್ಲ ಬೇರೆ ಕಡೆ ಹೋಗಿ ಕೋಣೆ ಏಳರ ಪಾಲಾಯಿತು. ಅದಕ್ಕೆ ಬೀದಿಗೆ ತೆರೆಯುವ ಕಿಟಕಿ ಇಲ್ಲ, ಗಾಳಿ ನುಗ್ಗುವುದಿಲ್ಲ, ಸ್ನಾನದ ಒಲೆ ಗೋಡೆಯ ಆಚೆಗೇ ಇದೆ. ಬಾಣಂತಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಹೆರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಆದರೂ ಬಾಣಂತನ ಆಗುವುದು ಆ ಕೋಣೆಯಲ್ಲಿ. ಸಾಲಿನ ಯಾರ ಮಗಳೇ ಬಸಿರಾಗಿ ತವರಿಗೆ ಬರಲಿ, ಏಳರಲ್ಲಿ ಇರುವವರು ತಮ್ಮ ಸಾಮಾನು ಎತ್ತಿಕೊಂಡು ಬಸುರಿಯ ತವರಿನವರ ಮನೆಗೆ ಹೋಗುವುದು, ಅವರು ಏಳಕ್ಕೆ ಬರುವುದು. ಯಾರೂ ಯಾರನ್ನೂ ಕೇಳುವ ಪದ್ಧತಿ ಇರಲಿಲ್ಲ. ಏಳು ತಿಂಗಳ ಬಸುರಿ ಬಸ್ಸಿಳಿದಳು ಎಂದು ಸುದ್ದಿ ಬಂದರೆ ಏಳರಲ್ಲಿ ಪಾತ್ರೆ ಸದ್ದು ಶುರುವಾಗುತ್ತಿತ್ತು. ಆ ಕೋಣೆಯ ಸೂರಿನಲ್ಲಿ ತೊಟ್ಟಿಲು ಕಟ್ಟುವ ಒಂದು ಕಬ್ಬಿಣದ ಕೊಂಡಿ ಇದೆ. ಸಾಲಿನ ಮಕ್ಕಳನ್ನೆಲ್ಲ ತೂಗಿದ್ದು ಅದರಲ್ಲೇ, ನನ್ನ ಮಗನನ್ನೂ ಕೂಡ.

ಬಾಣಂತನ ಮುಗಿದ ಮೇಲೆ ವಾಪಸ್ ಅವರವರ ಮನೆಗೆ ಹೋಗಬೇಕಿತ್ತು ನಿಜ. ಆದರೆ ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಮನೆ ಸಾಗಿಸಿ ನೋಡು ಅನ್ನುವುದನ್ನು ಮರೆತಿದ್ದಾರೆ. ಬೆಳಗಿನ ಐದಕ್ಕೆ ಪೊರಕೆ ಹಿಡಿದು ಹೋದವರು ಮಧ್ಯಾಹ್ನ ಬಂದು ಮತ್ತೆ ಮಂಚ, ಬೀಸುಕಲ್ಲು ಹೊರುತ್ತಾರೆಯೇ? ಹೋಗೋಣ, ಈ ಅಮಾವಾಸ್ಯೆ ಆಗಲಿ, ಆ ಹಬ್ಬ ಆಗಲಿ ಎಂದು ಇದ್ದಲ್ಲೇ ಉಳಿದುಬಿಡುತ್ತಿದ್ದರು. ಅಷ್ಟರಲ್ಲಿ ಇನ್ನೊಬ್ಬ ಬಸುರಿ ಬರುತ್ತಿದ್ದಳು. ಹೀಗೆ ಬದಲಾಗಿ ಬದಲಾಗಿ ಇಡೀ ಸಾಲು ಕಲಸಿಹೋಗಿತ್ತು. ನಾವು ತಲೆ ಕೆಡಿಸಿಕೊಂಡಿರಲಿಲ್ಲ. ಅಂಚೆಯವನೂ ನಂಬರ್ ನೋಡುತ್ತಿರಲಿಲ್ಲ, ಹೆಸರು ಕೂಗುತ್ತಿದ್ದ.

ಆ ಕಾಗದ ಬಂದ ಹದಿನೈದು ದಿನಕ್ಕೆ ಪುರಸಭೆಯಿಂದ ಒಬ್ಬ ತರುಣ ಅಧಿಕಾರಿ ಅಳತೆಯ ಟೇಪು ಮತ್ತು ರಿಜಿಸ್ಟರ್ ಹಿಡಿದು ಬಂದರು. ಒಂದನೇ ನಂಬರಿನ ಮುಂದೆ ನಿಂತು ಅಲ್ಲಿಯ ಹೆಸರು ಓದಿದರೆ ಒಂಬತ್ತರಿಂದ ಉತ್ತರ ಬಂತು. ಎರಡರ ಹೆಸರಿಗೆ ಹದಿನೈದರಿಂದ ಒಬ್ಬ ಹೊರಬಂದ. ಮೂರನೇ ನಂಬರು ಯಾರ ಹೆಸರಲ್ಲಿತ್ತೋ ಆ ಮೇಸ್ತ್ರಿ ದೊಡ್ಡಪ್ಪ ಏಳರ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಾ ಕೂತಿದ್ದ. ಅವನು ಪೌರಕಾರ್ಮಿಕರ ತಂಡಕ್ಕೆ ಮೇಸ್ತ್ರಿಯಾಗಿದ್ದವನು, ಈಗ ಅವನ ಮಗ ಅದೇ ಕೆಲಸದಲ್ಲಿದ್ದಾನೆ. ಮೂರರಲ್ಲಿ ಕಸದ ಆಟೋ ಓಡಿಸುವ ಅಕ್ಕ ಇದ್ದಳು, ಆದರೆ ಅವಳ ಹೆಸರಿಗೆ ಇದ್ದದ್ದು ಹನ್ನೊಂದು. ಹನ್ನೊಂದರಲ್ಲಿ ಇದ್ದದ್ದು ನನ್ನ ಅವ್ವ. ಏಳು ಎಂದು ಅಧಿಕಾರಿ ಕೂಗಿ ಓದಿದ್ದು ಅವ್ವನ ಹೆಸರು. ಅಪ್ಪ ತೀರಿಕೊಂಡು ಅವನ ಕೆಲಸ ಅವ್ವನಿಗೆ ಬಂದಾಗ ಏಳನೇ ಮನೆ ಅವಳ ಹೆಸರಿಗಾಗಿತ್ತು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಯಾರದೋ ಬಾಣಂತನಕ್ಕೆ ಬಿಟ್ಟುಬಂದವಳು, ನನ್ನ ಬಾಣಂತನದ ಕೆಲವು ತಿಂಗಳು ಬಿಟ್ಟರೆ, ಮತ್ತೆ ಅಲ್ಲಿ ಇದ್ದಿರಲಿಲ್ಲ.

ಅಧಿಕಾರಿ ಸಿಟ್ಟಾಗಲಿಲ್ಲ, ನಕ್ಕುಬಿಟ್ಟರು. ರಿಜಿಸ್ಟರ್ ಮುಚ್ಚಿ, ಹಕ್ಕುಪತ್ರ ಕೊಡುವುದಾದರೆ ಹೆಸರು ಇರುವ ಮನೆಯಲ್ಲಿ ಅವರೇ ಇರಬೇಕು, ಮೊದಲು ಮನೆ ಬೇಕೋ ಬೇಡವೋ ಎಲ್ಲರೂ ಕೂತು ಮಾತಾಡಿ, ಹದಿನಾರೂ ಮಂದಿಯ ಸಹಿ ಹಾಕಿ ಒಂದೇ ಅರ್ಜಿ ಕೊಡಿ ಎಂದು ಹೇಳಿ ಅವ್ವನ ಕೈಯ ಚಹಾ ಕುಡಿದು ಹೋದರು.

ಭಾನುವಾರ ಮಧ್ಯಾಹ್ನ ಬೇವಿನ ಮರದ ಕೆಳಗೆ ಸಭೆ. ನಾನು ಶಾಲೆಯಲ್ಲಿ ಚರ್ಚಾಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವವಳು. ಪರ, ವಿರೋಧ ಎಂದು ಎರಡು ಹಾಳೆ ಬರೆದುಕೊಂಡು ಹೋಗಿದ್ದೆ. ಆ ಸಾಲಿನಲ್ಲಿ ನಾನೀಗ ವಾಸವಿಲ್ಲ, ಮಾತಾಡಲು ನನಗೆ ಹಕ್ಕೂ ಇರಲಿಲ್ಲ. ಆದರೆ ಕೈಯಲ್ಲಿ ಹಾಳೆ ಇದ್ದರೆ ನನಗೆ ಎದ್ದು ನಿಲ್ಲದೆ ಇರಲು ಆಗುವುದಿಲ್ಲ. ಊರಿನ ಕಸ ಬಳಿದವರು ಸಾಯುವ ತನಕ ಪರರ ಸೂರಿನ ಕೆಳಗೇ ಇರಬೇಕೇ ಎಂದು ಕೇಳಿದೆ. ನಿವೃತ್ತಿಯಾದ ಮುದುಕಿಯರು ಎಲ್ಲಿ ಹೋಗಬೇಕು? ಸೂರು ಸೋರಿದರೆ ಅರ್ಜಿ, ಬಚ್ಚಲು ಕಟ್ಟಿದರೆ ಅರ್ಜಿ, ಇದೆಂಥ ಬಾಳು? ಚೆನ್ನಾಗಿಯೇ ಮಾತಾಡಿದೆ. ಇಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ಮೇಸ್ತ್ರಿ ದೊಡ್ಡಪ್ಪ ಎದ್ದು ನಿಲ್ಲಲಿಲ್ಲ. ಕೂತಲ್ಲೇ ಹೇಳಿದ. ಮನೆ ತಮ್ಮದಾದ ದಿನವೇ ಅದಕ್ಕೆ ಬೆಲೆ ಬರುತ್ತದೆ, ಬೆಲೆ ಬಂದರೆ ಮಕ್ಕಳು ಪಾಲು ಕೇಳುತ್ತಾರೆ, ಒಬ್ಬ ಯಾರಿಗೋ ಮಾರುತ್ತಾನೆ, ಬಂದವನು ಕಾಂಪೌಂಡು ಹಾಕುತ್ತಾನೆ ಎಂದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ.

"ಇವತ್ತು ಕೆಲಸಕ್ಕ ಸೇರ್ಯಾವಲ್ಲ ಹೊಸ ಹುಡುಗ್ರು, ಹೆಂಡ್ತಿ ಮಕ್ಕಳು ಕಟ್ಟಿಕೊಂಡು ಬಸ್ ಸ್ಟ್ಯಾಂಡ್ ಹಿಂದ ಗುಡಿಸಲದಾಗ ಅದಾವ. ನಾವು ಹದಿನಾರು ಮಂದಿ ಈ ಮನಿಗಳ್ನ ನಮ್ಮವು ಮಾಡಿಕೊಂಡ್ರ, ಅವ್ರಿಗೆ ಮನಿ ಎಲ್ಲಿಂದ ಬರ್ತೈತಿ ತಾಯಿ?"

ನನ್ನ ವಿರೋಧದ ಹಾಳೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಉತ್ತರ ಇಲ್ಲದಾಗ ಸುಮ್ಮನಿರಬೇಕೆಂದು ಮಕ್ಕಳಿಗೆ ಹೇಳುವ ನಾನು ಸುಮ್ಮನಿರಲಿಲ್ಲ. ಒಂದು ಕೋಣೆ ಹೆಚ್ಚಿರುವ ಮನೆಯಲ್ಲಿ ಕೂತವರಿಗೆ ಈಗಿರುವುದೇ ಚೆಂದ ಕಾಣುತ್ತದೆ, ಕಾಗದದ ಪ್ರಕಾರ ಆ ಮನೆ ಯಾರದು ಎಂಬುದೂ ಎಲ್ಲರಿಗೂ ಗೊತ್ತಾಗಿದೆ ಎಂದು ಅಂದುಬಿಟ್ಟೆ. ದೊಡ್ಡಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ.

ಅವ್ವ ನನ್ನ ರಟ್ಟೆ ಹಿಡಿದು ಎಳೆದು ಕೂರಿಸಿದಳು. ಮೂವತ್ತೆಂಟು ವರ್ಷದ ಟೀಚರಮ್ಮನನ್ನು ಮೂರನೇ ಕ್ಲಾಸಿನ ಹುಡುಗಿಯ ಹಾಗೆ ಎಳೆದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ನನಗೇ ಹೇಳಿದಳು.

"ನಿನ್ನ ಬಾಣಂತನದಾಗ ಇವನ ತಾಯಿ ಹಾಸಿಗಿ ಹಿಡದಿದ್ಲು. ನೀ ಬರ್ತಿ ಅಂತ ಆಕೀನ ಹೆಗಲ ಮ್ಯಾಲ ಹೊತ್ಕಂಡು ಹನ್ನೊಂದಕ್ಕ ಹೋಗ್ಯಾನ. ಮುದುಕಿ ಅಲ್ಲೇ ತೀರಿಕೊಂಡ್ಲು. ನಿನಗೆ ನೆನಪು ಎಲ್ಲಿರ್ತೈತಿ, ಒಳಗ ಮಕ್ಕಂಡಿದ್ದಿ."

ನೆಲ ಬಾಯಿ ಬಿಡಬಾರದೇ ಎನಿಸಿತು. ಮುದುಕಿ ಸತ್ತದ್ದು ನನಗೆ ಗೊತ್ತಿತ್ತು. ಬಾಣಂತಿ ಸಾವಿನ ಮನೆಗೆ ಹೋಗಬಾರದೆಂದು ಒಳಗೇ ಇದ್ದೆ. ಆದರೆ ಅವಳು ಯಾವ ಮನೆಯಲ್ಲಿ ಸತ್ತಳು, ಯಾಕೆ ಅಲ್ಲಿದ್ದಳು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಎದ್ದು ಹೋಗಿ ದೊಡ್ಡಪ್ಪನ ಕಾಲು ಮುಟ್ಟಿದೆ. ಅವನು ಕಾಲು ಎಳೆದುಕೊಂಡು, ಟೀಚರಮ್ಮ ಕಾಲಿಗೆ ಬಿದ್ದರೆ ನಮ್ಮ ಮಕ್ಕಳಿಗೆ ಮಾರ್ಕ್ಸ್ ಕೊಡುವವರು ಯಾರು ಎಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಅಳು ಬಂತು.

ಚರ್ಚೆಯನ್ನು ತೀರ್ಮಾನಕ್ಕೆ ತಂದವಳು ಕಸದ ಆಟೋದ ಅಕ್ಕ. ಅವಳ ಮಗಳು ಹರಪನಹಳ್ಳಿಯಲ್ಲಿ ಚೊಚ್ಚಲ ಬಸುರಿ. ಇನ್ನೆರಡು ತಿಂಗಳಿಗೆ ತವರಿಗೆ ಬರುವವಳಿದ್ದಳು. ಮನೆಗಳು ಅವರವರ ಹೆಸರಿಗೆ ಆಗಿ ಬಾಗಿಲು ಮುಚ್ಚಿಕೊಂಡರೆ ಹೆಚ್ಚು ಕಳೆದುಕೊಳ್ಳುವವಳು ಅವಳೇ. ಆದರೂ ಅವಳು ಕೊಳ್ಳೋಣ ಎಂದಳು. ಮಗಳು ಬಂದು ಇರುವುದು ನಾಲ್ಕೈದು ತಿಂಗಳು, ಆಮೇಲೆ ಹೋಗುತ್ತಾಳೆ. ಆದರೆ ಟ್ರಂಕು ಕಟ್ಟಿಕೊಂಡು ಕೂತ ಈ ಹೆಣ್ಣುಮಗಳು ಇನ್ನೆಂಟು ತಿಂಗಳಿಗೆ ಹೋಗಬೇಕಾದರೆ ಎಲ್ಲಿಗೆ ಎಂದು ಅವ್ವನ ಕಡೆ ಕೈ ತೋರಿಸಿದಳು. ದೊಡ್ಡಪ್ಪ ಎಲೆಯ ನಾರು ಬಿಡಿಸಿ, ಸುಣ್ಣ ಹಚ್ಚಿ ಮಡಚಿದ. ಕೊನೆಗೆ, ಆಗಲಿ, ರಿಜಿಸ್ಟರಿನಲ್ಲಿ ಬರೆದ ಹಾಗೆಯೇ ಮನೆ ಸೇರೋಣ, ನಾನು ಮೂರಕ್ಕೆ ಹೋಗುತ್ತೇನೆ, ಆದರೆ ಅರ್ಜಿಯಲ್ಲಿ ಟ್ಯಾಂಕಿನ ಹಿಂದಿನ ಬಯಲಿನಲ್ಲಿ ಹೊಸ ಹುಡುಗರಿಗೆ ಒಂದು ಸಾಲು ಕಟ್ಟಿಕೊಡಿ ಎಂದೂ ಬರಿ ಎಂದು ನನಗೆ ಹೇಳಿದ. ನಾನು ಅದನ್ನೇ ಮೊದಲನೇ ಸಾಲಾಗಿ ಬರೆದೆ. ಆ ಬಯಲಿನಲ್ಲಿ ಈಗಲೂ ಹಂದಿ ಮಲಗುತ್ತವೆ. ನಾನು ಎರಡು ತಿಂಗಳಿಗೊಮ್ಮೆ ನೆನಪಿನ ಕಾಗದ ಬರೆಯುತ್ತಿದ್ದೇನೆ.

ಮುಂದಿನ ಭಾನುವಾರ ಇಡೀ ಸಾಲು ಮನೆ ಬದಲಿಸಿತು. ಹದಿನಾರು ಮನೆ ಒಂದೇ ದಿನ. ಎಲ್ಲಿಂದ ಶುರು ಮಾಡುವುದು? ಒಂದು ಖಾಲಿಯಾಗದೆ ಇನ್ನೊಂದು ತುಂಬುವ ಹಾಗಿಲ್ಲ. ಕೊನೆಗೆ ಎಲ್ಲರೂ ಎಲ್ಲವನ್ನೂ ಓಣಿಗೆ ತಂದು ಸುರಿದರು. ಮಂಚ, ಫ್ರಿಜ್ಜು, ಕೊಡಪಾನ, ಟಿ.ವಿ., ಒರಳುಕಲ್ಲು. ಒಂದೇ ಮಂಚದ ಮೇಲೆ ಒಬ್ಬರ ಮನೆಯ ದೇವರು ಉಚ್ಚಂಗೆಮ್ಮ, ಇನ್ನೊಬ್ಬರ ಮನೆಯ ಬುದ್ಧ ಬಿಸಿಲು ಕಾಯುತ್ತಾ ಪಕ್ಕಪಕ್ಕ ಒರಗಿದ್ದರು. ಮಧ್ಯಾಹ್ನಕ್ಕೆ ಕಸದ ಆಟೋದ ಅಕ್ಕ ದೊಡ್ಡ ಬಾಣಲೆಯಲ್ಲಿ ಮಿರ್ಚಿ ಕರಿದಳು, ಮಂಡಕ್ಕಿ ಒಗ್ಗರಣೆ ಆಯಿತು. ನನ್ನ ಗಂಡ ಬೆಳಿಗ್ಗೆಯೇ ಬಂದು ಸಂಜೆಯ ತನಕ ಬೀಸುಕಲ್ಲು ಹೊತ್ತ. ಸಂಜೆಗೆ ಎಲ್ಲರೂ ಅವರವರ ಕಾಗದದ ಮನೆಯಲ್ಲಿದ್ದರು. ಐದನೇ ಮನೆಯವರ ಬೆಕ್ಕೊಂದು ಮಾತ್ರ ವಾರದ ತನಕ ಹಳೆಯ ಮನೆಗೇ ಹಾಲಿಗೆ ಹೋಗುತ್ತಿತ್ತು.

ಅವ್ವ ಎಲ್ಲಕ್ಕಿಂತ ಮೊದಲು ಟ್ರಂಕನ್ನು ತಾನೇ ತಲೆಯ ಮೇಲೆ ಹೊತ್ತು ಏಳಕ್ಕೆ ಒಯ್ದಳು. ನಾವು ಯಾರೂ ಕೈ ಹಾಕಕೂಡದು.

ಗೊತ್ತು ಮಾಡಿದ ಹಣ ಕಟ್ಟಿದೆವು, ಆರು ವಾರಕ್ಕೆ ಹಕ್ಕುಪತ್ರ ಬಂತು. ಪುರಸಭೆಯ ಅಂಗಳದಲ್ಲಿ ಶಾಮಿಯಾನ ಹಾಕಿ ಒಬ್ಬೊಬ್ಬರನ್ನೇ ಕರೆದು ಕೊಟ್ಟರು. ಅವ್ವ ಹೆಬ್ಬೆಟ್ಟು ಒತ್ತಿ, ಬೆರಳಿನ ಶಾಯಿ ಕಾಗದಕ್ಕೆ ತಾಗದ ಹಾಗೆ ಎರಡೂ ಅಂಗೈಯ ಮೇಲೆ ಇಟ್ಟುಕೊಂಡು ಬಂದಳು. ಮಧ್ಯಾಹ್ನವೆಲ್ಲ ನನ್ನಿಂದ ಮೂರು ಸಲ ಓದಿಸಿದಳು. ಅಪ್ಪನ ಹೆಸರು ಬರುವಲ್ಲಿ ಬೆರಳಿಟ್ಟು, ಇಲ್ಲೇನು, ಇಲ್ಲೇನು ಎಂದು ಕೇಳಿದಳು. ನನಗೆ ಅಷ್ಟು ಸಂತೋಷ ನನ್ನ ನೌಕರಿಯ ಆದೇಶ ಬಂದಾಗಲೂ ಆಗಿರಲಿಲ್ಲ. ಆ ಖುಷಿಯಲ್ಲೇ ಪೇಂಟರನ್ನು ಕರೆಸಿ ಮನೆಗೆಲ್ಲ ತಿಳಿಹಸಿರು ಬಣ್ಣ ಹೊಡೆಸಿದೆ, ಅಡುಗೆಮನೆಗೆ ಕಡಪದ ಕಲ್ಲು ಹಾಸಿಸಿದೆ, ಹಿಂದಿನ ಕೋಣೆಯಲ್ಲಿ ಅವ್ವನಿಗೆ ಹೊಸ ಮಂಚ ಹಾಕಿಸಿದೆ. ತೊಟ್ಟಿಲ ಕೊಂಡಿಗೆ ತುಕ್ಕು ಹಿಡಿದಿದೆ, ಕತ್ತರಿಸಿ ಹಾಕಲೇ ಎಂದು ಪೇಂಟರ್ ಕೇಳಿದ. ಅವ್ವ ಬೇಡ ಎಂದಳು.

ಅದಾಗಿ ನಾಲ್ಕು ದಿನಕ್ಕೆ ಶಾಲೆಯಿಂದ ಬರುವಾಗ ಹನ್ನೊಂದರ ಮುಂದೆ ನಿಂತೆ. ಕಸದ ಆಟೋದ ಅಕ್ಕ ಪಡಸಾಲೆಯ ನಡುವೆ ಹಗ್ಗ ಕಟ್ಟಿ ಹಳೆಯ ಸೀರೆಯೊಂದನ್ನು ಇಳಿಬಿಡುತ್ತಿದ್ದಳು. ಬೀದಿಯ ಗಾಳಿಗೆ ಸೀರೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಏನಕ್ಕಾ ಇದು ಎಂದೆ. ಮಗಳು ನಾಡಿದ್ದು ಬರುತ್ತಾಳೆ, ಇಲ್ಲೇ ಒಂದು ಮರೆ ಮಾಡುತ್ತಿದ್ದೇನೆ ಎಂದಳು. ಏಳರ ಮಾತನ್ನು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಮೊದಲು ಕೇಳಬೇಕಾಗಿಯೇ ಇರಲಿಲ್ಲ. ಈಗ ಕೇಳಬೇಕು, ಕೇಳಲು ಬಾಯಿ ಬರುವುದಿಲ್ಲ. ಮೇಸ್ತ್ರಿ ದೊಡ್ಡಪ್ಪ ಹೇಳಿದ ಕಾಂಪೌಂಡು ಇದೇ ಎಂದು ನನಗೆ ಆ ಕ್ಷಣಕ್ಕೆ ಅನಿಸಿತು. ಆದರೂ ಒಳಗೊಳಗೆ ಹೊಸ ಬಣ್ಣ, ಹೊಸ ಮಂಚ ನೆನಪಾಗಿ, ಸದ್ಯ ಅವರೇ ಕೇಳಲಿಲ್ಲವಲ್ಲ ಎಂದು ನಿರಾಳವಾದದ್ದೂ ಸುಳ್ಳಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಏಳಕ್ಕೆ ಬಂದರೆ ಅವ್ವ ಪಾತ್ರೆ ಮೂಟೆ ಕಟ್ಟುತ್ತಿದ್ದಳು.

ಬಣ್ಣ ಹೊಡೆಸಿ ಒಂದು ವಾರ ಆಗಿಲ್ಲ, ನಿನಗೆ ಬುದ್ಧಿ ಇದೆಯೇ ಎಂದು ರೇಗಿದೆ. ಕಟ್ಟಿಕೊಂಡು ಹೋದರೆ ನೀನು ಮತ್ತೆ ಬರುವವಳೇ ಅಲ್ಲ, ಮೂವತ್ತು ವರ್ಷ ನೋಡಿಲ್ಲವೇ ಎಂದೆ. ಇನ್ನೂ ಏನೇನೋ ಅಂದೆ. ಅವ್ವ ಒಂದು ಗಂಟಿನ ಮೇಲೆ ಇನ್ನೊಂದು ಗಂಟು ಇಡುತ್ತಾ ಎಲ್ಲ ಕೇಳಿಸಿಕೊಂಡಳು. ನನ್ನ ಮಾತು ಮುಗಿದ ಮೇಲೆ, ಆ ಕಡೆ ಹಿಡಿ ಎಂದು ಹಾಸಿಗೆಯ ಸುರುಳಿಯ ಒಂದು ತುದಿ ನನ್ನ ಕೈಗೆ ಕೊಟ್ಟಳು. ಹಿಡಿದೆ. ಹಿಡಿಯದೆ ಏನು ಮಾಡಲಿ?

ಓಣಿ ದಾಟಿ ಹಾಸಿಗೆ ತರುವುದನ್ನು ನೋಡಿ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಬೇಡ ಅಂದಳು, ಈಗ ಅದು ನಿನ್ನ ಸ್ವಂತದ್ದು ಅಂದಳು, ಸೆರಗು ಬಾಯಿಗೆ ಹಿಡಿದಳು. ಅವ್ವ ಅವಳನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋಗಿ, ಮೊದಲು ಆ ಸೀರೆಯನ್ನು ಬಿಚ್ಚಿ ಮಡಚಿ ಅಕ್ಕನ ಕೈಗೆ ಕೊಟ್ಟಳು.

ಹೆಣ್ಣು ಕೂಸು ಹುಟ್ಟಿತು. ಕೊಂಡಿಯ ತುಕ್ಕು ಉಜ್ಜಿ ತೊಟ್ಟಿಲು ಕಟ್ಟಿದವನು ಮೇಸ್ತ್ರಿ ದೊಡ್ಡಪ್ಪ. ನನ್ನ ತಿಳಿಹಸಿರು ಗೋಡೆಗೆ ಲೋಬಾನದ ಹೊಗೆ ಹಿಡಿದು ಈಗ ಒಂದು ಥರದ ಬೂದು ಬಣ್ಣ ಬಂದಿದೆ. ಕೂಸನ್ನು ಕಟ್ಟಿಕೊಂಡು ತಾಯಿ ಹರಪನಹಳ್ಳಿಗೆ ಹೋಗಿ ಎರಡು ತಿಂಗಳಾಯಿತು. ಅವ್ವ ನಿವೃತ್ತಿಯೂ ಆದಳು. ಅವಳಿನ್ನೂ ಹನ್ನೊಂದರಲ್ಲೇ ಇದ್ದಾಳೆ, ಅಕ್ಕ ಏಳರಲ್ಲಿ. ಈ ಹುಣ್ಣಿಮೆ ಆಗಲಿ, ಹೋಗುತ್ತೇನೆ ಎನ್ನುತ್ತಾಳೆ ಅವ್ವ. ಒಂಬತ್ತನೇ ಮನೆಯ ಸೊಸೆಗೆ ವಾಂತಿ ಶುರುವಾಗಿದೆ, ಅವಳ ತವರು ಇರುವುದು ಇದೇ ಸಾಲಿನ ಹದಿಮೂರರಲ್ಲಿ ಎಂದು ಮೊನ್ನೆ ಕೇಳಿದೆ. ಇನ್ನು ಅವ್ವ ಏಳಕ್ಕೆ ಹೋದ ಹಾಗೆಯೇ, ಮುಗಿಯಿತು ಎಂದುಕೊಂಡೆ.

ಕಳೆದ ಭಾನುವಾರ ಅವ್ವನ ಸೀರೆಗಳನ್ನು ಹುಡುಕಿದೆ, ಮದುವೆಯೊಂದಕ್ಕೆ ಕರೆದುಕೊಂಡು ಹೋಗಬೇಕಿತ್ತು. ಹನ್ನೊಂದರಲ್ಲಿ ಟ್ರಂಕು ಕಾಣಲಿಲ್ಲ. ಹಕ್ಕುಪತ್ರವೂ ಅದರಲ್ಲೇ ಇದೆ. ಟ್ರಂಕು ಎಲ್ಲಿಬೇ ಎಂದು ಕೂಗಿದೆ. ಅವ್ವ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು, ಕತ್ತು ಎತ್ತಲಿಲ್ಲ.

"ಏಳರಾಗ ಐತಿ. ತರಲಿಲ್ಲ."

ಯಾಕೆ ತರಲಿಲ್ಲ ಎಂದು ಕೇಳಿದೆ. ಮೂವತ್ತು ವರ್ಷ ಹೋದಲ್ಲೆಲ್ಲ ಮೊದಲು ಅದನ್ನೇ ಹೊತ್ತವಳು.

"ನಂದೇ ಮನಿ ಐತಲ್ಲ. ಎಲ್ಲಿಗೆ ಹೋಗ್ತೈತಿ?"

ಅಂದವಳು ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದಳು. ನಾನು ಓಣಿ ದಾಟಿ ಏಳಕ್ಕೆ ಹೋದೆ. ಬಾಗಿಲು ತೆರೆದೇ ಇತ್ತು. ಹಿಂದಿನ ಕೋಣೆಯಲ್ಲಿ, ತೊಟ್ಟಿಲ ಕೊಂಡಿಯ ಕೆಳಗೆ ಟ್ರಂಕು ಇತ್ತು. ತೆರೆದರೆ ಒಳಗೆ ಹಕ್ಕುಪತ್ರವೊಂದೇ ಇತ್ತು. ಸೀರೆಗಳು, ಅಪ್ಪನ ಫೋಟೋ, ನನ್ನ ಅಂಕಪಟ್ಟಿ ಎಲ್ಲ ಗೋಡೆಯ ಗೂಡಿನಲ್ಲಿದ್ದವು.